ಲಾಳಿಯ ಕಣ್ಣು, ಮೊಮ್ಮಗಳ ಮೊದಲ ತುತ್ತು

ಜ್ವರ ಬಂದರೆ ಜನ ನೋಡಲು ಬರುತ್ತಾರೆ. ಕಾಲು ಮುರಿದರೆ ಬಾಳೆಹಣ್ಣು ಹಿಡಿದುಕೊಂಡು ಬರುತ್ತಾರೆ. ಹಲ್ಲು ನೋವು ಅಂದರೆ ಮಾತ್ರ ಯಾರೂ ಬರುವುದಿಲ್ಲ. ಹೊರಗೆ ನಿಂತೇ, "ಒಂದು ಲವಂಗ ಇಟ್ಕೊಳ್ಳೊ ಮಾರಾಯಾ" ಅಂದು ಹೋಗಿಬಿಡುತ್ತಾರೆ. ನಾನೂ ಹಾಗೆ ಹೋದವನೇ. ನನ್ನದೇ ಬಾಯಿ ಕೆಟ್ಟಾಗ ಗೊತ್ತಾಯಿತು, ಅದೆಷ್ಟು ಒಂಟಿ ಬೇನೆ ಅಂತ. ಅದಕ್ಕೇ ಬರೆಯಲು ಕೂತೆ. ಕಲಿತದ್ದು ನಾಲ್ಕನೇ ಇಯತ್ತೆ. ತಪ್ಪು ತಿದ್ದಲು ಮೊಮ್ಮಗಳು ಪಕ್ಕದಲ್ಲೇ ಕೂತಿದ್ದಾಳೆ. ಈಗ ಅವಳು ಮೂರನೇ ಇಯತ್ತೆ, ಅಂದರೆ ನನಗಿಂತ ಒಂದೇ ಇಯತ್ತೆ ಹಿಂದೆ. ಬರುವ ವರ್ಷ ಸರಿಸಮ ಆಗುತ್ತೇವೆ. ಆಮೇಲೆ ನನ್ನನ್ನು ದಾಟಿ ಹೋಗುತ್ತಾಳೆ. ಅದನ್ನು ನೆನೆಸಿದರೇ ಎದೆ ತುಂಬಿ ಬರುತ್ತದೆ.

ನಮ್ಮದು ರಬಕವಿ. ನಮ್ಮಪ್ಪ ನೇಕಾರ, ನಾನು ನೇಕಾರ, ಮಗ ಈರಣ್ಣನೂ ನೇಕಾರ. ಮನೆಯಲ್ಲಿ ಎರಡು ಕೈಮಗ್ಗ, ಒಂದಕ್ಕೆ ನಾನು, ಒಂದಕ್ಕೆ ಅವನು. ಮಗ್ಗದ ಮೇಲೆ ಕೂಡದವರಿಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನನ್ನ ಕಥೆ ತಿಳಿಯುವುದಿಲ್ಲ. ಆ ಕಡೆಯಿಂದ ಈ ಕಡೆಗೆ ಓಡುವ ಮರದ ಲಾಳಿಯ ಹೊಟ್ಟೆಯಲ್ಲಿ ನೂಲಿನ ಕಂಡಿಕೆ ಇರುತ್ತದೆ. ನೂಲು ಹೊರಗೆ ಬರಲು ಲಾಳಿಯ ಪಕ್ಕೆಗೆ ಒಂದು ಸಣ್ಣ ತೂತು. ಅದಕ್ಕೆ ನಾವು ಲಾಳಿಯ ಕಣ್ಣು ಅನ್ನುತ್ತೇವೆ. ಕಂಡಿಕೆ ತೀರಿದಾಗಲೆಲ್ಲ ಹೊಸದನ್ನು ಹಾಕಿ, ಆ ಕಣ್ಣಿಗೆ ತುಟಿ ಹಚ್ಚಿ, ಸರ್ರ್ ಅಂತ ಉಸಿರು ಒಳಗೆಳೆದರೆ ನೂಲಿನ ತುದಿ ಬಾಯಿಗೆ ಬರುತ್ತದೆ. ಅದನ್ನು ಮುಂದಿನ ಹಲ್ಲಲ್ಲಿ ಹಿಡಿದು ಜಗ್ಗುವುದು. ದಿನಕ್ಕೆ ಎಷ್ಟು ಸಲ ಅಂತ ಯಾರು ಎಣಿಸುತ್ತಾರೆ? ಉಸಿರಾಡಿದಂತೆಯೇ ಅದು. ನಾನು ಎಳೆದ ಲಾಳಿಯನ್ನೇ ಈರಣ್ಣ ಎಳೆಯುತ್ತಿದ್ದ, ಅವನು ಎಳೆದದ್ದನ್ನು ನಾನು.

ಐವತ್ತರ ಮೇಲೆ ನನಗೆ ಬಾಯಿ ಒಣಗುವುದು ಶುರುವಾಯಿತು. ಎಷ್ಟು ನೀರು ಕುಡಿದರೂ ನಾಲಗೆ ಅಂಗುಳಿಗೆ ಅಂಟಿಕೊಳ್ಳುವುದು. ಬಾಯಿ ಒಣಗಿದರೆ ನೂಲು ಎಳೆಯಲು ಬರುವುದಿಲ್ಲ. ಅದಕ್ಕೆ ನಾನು ಕಂಡುಕೊಂಡ ಉಪಾಯ ಮಹಾಲಿಂಗಪುರದ ಬೆಲ್ಲ. ಕಡಲೆಕಾಳಿನಷ್ಟು ಚೂರನ್ನು ಎಡಗೆನ್ನೆಯ ಸಂದಿಯಲ್ಲಿ ಇಟ್ಟುಕೊಂಡರೆ ಜೊಲ್ಲು ಊರುತ್ತಿತ್ತು, ಮಗ್ಗ ನಡೆಯುತ್ತಿತ್ತು. ಕರಗಿತೋ, ಇನ್ನೊಂದು ಚೂರು. ಬೆಳಗಿನಿಂದ ಸಂಜೆಯವರೆಗೆ ಕೆನ್ನೆ ಖಾಲಿ ಇದ್ದದ್ದೇ ಇಲ್ಲ. ಇದನ್ನು ನಾನು ತಿನ್ನುವುದು ಅಂತ ಎಂದೂ ಅಂದುಕೊಂಡಿರಲಿಲ್ಲ. ಮಗ್ಗದ ಹಿಡಿಕೆಗೆ ಎಣ್ಣೆ ಹಚ್ಚಿದಂತೆ, ಅದೂ ಕೆಲಸದ ಒಂದು ಸಾಮಾನು.

ಎರಡು ವರ್ಷದೊಳಗೆ ಹಲ್ಲು ಬುಡದಿಂದ ಹುಳುಕಾಗಲು ಹತ್ತಿದವು. ಹಸಿ ಗೋವಿನಜೋಳದ ತೆನೆಯನ್ನು ಕರಕರ ಕಡಿದ ಹಲ್ಲುಗಳು ಇವೇ ಏನು ಅನಿಸುತ್ತಿತ್ತು. ಒಸಡಿನ ಅಂಚಿನಲ್ಲಿ ಮೊದಲು ಕಂದು ಗೆರೆ, ಆಮೇಲೆ ಕುಳಿ, ಆಮೇಲೆ ಒಂದು ದಿನ ರೊಟ್ಟಿ ಮುರಿಯುವಾಗ ಹಲ್ಲೇ ಮುರಿದು ಕೈಗೆ ಬಂತು. ನಾಲಗೆಯ ಮೇಲೆ, ಕೆನ್ನೆಯ ಒಳಗೆ, ಮೊಸರು ಮೆತ್ತಿದ ಹಾಗೆ ಬಿಳಿ ಪದರ. ಪಂಚೆಯ ತುದಿಯಿಂದ ಒರೆಸಿದರೆ ಕೆಳಗೆ ಕೆಂಪಗೆ ಉರಿಯುತ್ತಿತ್ತು. ಖಾರ ತಾಳಲು ಆಗದೆ ಬರೀ ಮಜ್ಜಿಗೆ ಅನ್ನಕ್ಕೆ ಬಂದೆ. ಓಣಿಗೆ ಬಂದ ಒಬ್ಬಾಕೆ ಹಲ್ಲಿನ ಹುಳ ತೆಗೆಯುತ್ತೇನೆಂದು ಬೀಜ ಸುಟ್ಟು ಬಾಯಿಗೆ ಹೊಗೆ ಹಿಡಿಸಿದಳು. ನೀರಿನ ಬಟ್ಟಲಲ್ಲಿ ಬಿಳಿ ಹುಳಗಳನ್ನು ತೋರಿಸಿದಳು. ನಾನು ಕೈ ಮುಗಿದೆ. ನೋವು ಎಲ್ಲೂ ಹೋಗಲಿಲ್ಲ.

ಹೀಗಿರುವಾಗ ಮೊಮ್ಮಗಳು ಮನೆಗೆ ಬಂದಳು.

ಸೊಸೆ ಶೋಭಾಳ ತವರು ಬೀಳಗಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಕೂಸು. ಹೆರಿಗೆಗೆ ಹೋದವಳು ಕೂಸಿಗೆ ಮೂರು ತಿಂಗಳು ತುಂಬಿಸಿಕೊಂಡು ಬಂದಳು. ಬಸ್ಸಿನಿಂದ ಇಳಿದ ಆ ಬಿಳಿ ಕುಲಾವಿ ಇನ್ನೂ ನನ್ನ ಕಣ್ಣಲ್ಲಿದೆ. ಹೆಸರು ಗಂಗಾ. ನಾನು ಕರೆಯುವುದು ಗಂಗವ್ವ. ಆ ದಿನ ಮಗ್ಗದ ಮೇಲೆ ಕೂಡಲಿಲ್ಲ. ಹೋಗುವವರನ್ನು ಬರುವವರನ್ನು ನಿಲ್ಲಿಸಿ ನಿಲ್ಲಿಸಿ ಕೂಸನ್ನು ತೋರಿಸಿದೆ.

ನಮ್ಮ ಮನೆಯಲ್ಲಿ ಒಂದು ರೂಢಿ ಇತ್ತು. ಕೂಸಿಗೆ ಅನ್ನ ಹಿಡಿಸುವ ದಿನ ಮನೆಯ ಹಿರಿಯ ಮೊದಲ ತುತ್ತನ್ನು ತನ್ನ ಬಾಯಲ್ಲಿ ಹಾಕಿ, ನುರಿಸಿ ಮೆತ್ತಗೆ ಮಾಡಿ, ಅದನ್ನೇ ಕೂಸಿನ ಬಾಯಿಗೆ ಇಡಬೇಕು. ಮನೆಯ ಎಂಜಲು ಹತ್ತಿದರೆ ಕಸುಬು ಕೈಗೆ ಹತ್ತುತ್ತದೆ ಅಂತ ನಂಬಿಕೆ. ನನಗೆ ನಮ್ಮಜ್ಜ ಹಾಗೆ ಇಟ್ಟಿದ್ದ, ಈರಣ್ಣನಿಗೆ ನಮ್ಮಪ್ಪ. ಈಗ ನನ್ನ ಪಾಳಿ. ಒಂಬತ್ತು ವರ್ಷ ಅದಕ್ಕೇ ಕಾದಿದ್ದೆ. ಹೆಣ್ಣುಕೂಸಿಗೆ ಬೆಸ ತಿಂಗಳಲ್ಲಿ ಉಣಿಸುವುದು ವಾಡಿಕೆ. ಐದನೆಯ ತಿಂಗಳು ಹತ್ತಿರವೇ ಇತ್ತು.

ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ನನ್ನ ಬಂಗಾರೀ, ನಿನ್ನ ಮೊದಲ್ನೇ ತುತ್ತು ಈ ಅಜ್ಜನ ಬಾಯಾಂದ ನೋಡ" ಅಂದು ಮುದ್ದು ಕೊಡಲು ಬಗ್ಗಿದೆ. ಶೋಭಾ ನೀರು ಕೊಡಲು ಬಂದವಳು ನನ್ನ ಬಾಯಿ ನೋಡಿದಳು. ತಂಬಿಗೆಯನ್ನು ಅಲ್ಲೇ ಇಟ್ಟು ಕೂಸನ್ನು ಎತ್ತಿಕೊಂಡುಬಿಟ್ಟಳು.

"ಮಾವಾರ, ಸಿಟ್ಟಾಗಬ್ಯಾಡ್ರಿ. ಬಾಯಾಗ ಏನ್ರಿ ಅದು, ಬೆಳ್ಳಗ?"

"ಏನಿಲ್ಲವಾ, ಉಷ್ಣ ಆಗೇತಿ."

"ಉಷ್ಣ ಹಿಂಗಿರಂಗಿಲ್ರಿ. ನಿಮ್ಮ ಬಾಯಿ ನೆಟ್ಟಗ ಆಗೂತನಕ ಕೂಸಿಗೆ ಮುದ್ದು ಕೊಡಬ್ಯಾಡ್ರಿ. ತುತ್ತೂ ಬ್ಯಾಡ್ರಿ."

ಮಾವನಿಗೆ ಎದುರಾಡಿ ಗೊತ್ತಿಲ್ಲದ ಹುಡುಗಿ. ನಾನು ಎದ್ದು ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತೆ. ಕೂತೆ ಅಷ್ಟೇ, ನೇಯಲಿಲ್ಲ. ನನ್ನ ಹೆಂಡತಿ ಗೌರವ್ವ ಸೊಸೆಗೆ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಬಂದದ್ದು ನನಗೆ ಬೈಯಲು.

"ಎರಡು ವರ್ಷಾತು, ನಾ ಬಡಕೊಂಡ್ನಿ, ಡಾಕ್ಟರಿಗಿ ತೋರಸ್ರಿ ಅಂತ. ನನ್ನ ಮಾತು ಕಿವಿಗಿ ಬೀಳಲಿಲ್ಲ. ಈಗ ಸೊಸಿ ಅಂದಳಂತ ಮಾರಿ ಇಷ್ಟುದ್ದ ಮಾಡಿದ್ರ?"

"ಅಕಿ ನನ್ನ ಕೈಯಾಂದ ಕೂಸು ಕಸಗೊಂಡಳಲ್ಲ ಬೇ!"

"ಕಸಗೊಳ್ಳಲಿ. ತಾಯಿ ಅದಾಳ. ಆಕೀ ಜಾಗಾದಾಗ ನಾನಿದ್ದರ ಲಾಳೀಲೆ ಹೊಡೀತಿದ್ನಿ."

ಮರುದಿನ ಈರಣ್ಣ ನನ್ನನ್ನು ಜಮಖಂಡಿಗೆ ಕರೆದುಕೊಂಡು ಹೋದ. ನನಗೆ ಒಂದೇ ಭಯ. ತಂಬಾಕು ಹಾಕುತ್ತಿದ್ದ ನನ್ನ ಗೆಳೆಯನೊಬ್ಬನ ಕೆನ್ನೆಯಲ್ಲಿ ಹುಣ್ಣಾಗಿ, ವರ್ಷದೊಳಗೆ ಅವನು ಹೋಗಿಬಿಟ್ಟಿದ್ದ. ನಾನು ತಂಬಾಕು ಮುಟ್ಟಿದವನಲ್ಲ. ಆದರೂ ಬಿಳಿ ಅಂದರೆ ಅದೇ ಇರಬೇಕು ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಮೊಮ್ಮಗಳ ಮೊದಲ ತುತ್ತು ಇರಲಿ, ಅವಳು ಮಾತಾಡುವುದನ್ನಾದರೂ ಕೇಳುತ್ತೇನೋ ಇಲ್ಲವೋ.

ಹಲ್ಲಿನ ಡಾಕ್ಟರ ಹೊರಗಿನ ಕೋಣೆಯಲ್ಲಿ ಎರಡು ಬೆಂಚು. ಹಲ್ಲು ತೋರಿಸಲು ಬಂದವರು ಯಾರೂ ಮಾತಾಡುವುದಿಲ್ಲ. ಎಲ್ಲರೂ ಒಂದೊಂದು ಕೆನ್ನೆ ಹಿಡಿದುಕೊಂಡು ಒಳಗಿನ ಮಿಷನ್ನಿನ ಗುಯ್ ಅನ್ನುವ ಸಪ್ಪಳ ಕೇಳುತ್ತ ಕೂತಿರುತ್ತಾರೆ. ನನ್ನ ಪಕ್ಕದಲ್ಲಿ ಮುಧೋಳದ ಕಡೆಯ ಒಬ್ಬ ಮುದುಕಿ ಇದ್ದಳು. ಆಕೆಯ ಕೆನ್ನೆ ಲಿಂಬೆಹಣ್ಣಿನಂತೆ ಊದಿತ್ತು. ನಾನು ನಡುಗುತ್ತಿದ್ದದ್ದನ್ನು ನೋಡಿ, ಆ ನೋವಿನಲ್ಲೂ ನನ್ನ ಕಡೆ ತಿರುಗಿ, "ಅಂಜಬ್ಯಾಡಪಾ. ಸೂಜಿ ಚುಚ್ಚೂತನಾ ಅಷ್ಟ. ಆಮ್ಯಾಲ ಮಾರಿ ನಿಂದೋ ಮಂದೀದೋ ಗೊತ್ತಾಗಂಗಿಲ್ಲ" ಅಂದಳು. ನಾನು ನಕ್ಕುಬಿಟ್ಟೆ. ಆ ತಾಯಿ ಯಾರೋ, ಎಲ್ಲಿದ್ದಾಳೋ. ಇದ್ದರೆ ಚೆನ್ನಾಗಿರಲಿ.

ಡಾಕ್ಟರು ನನ್ನ ಮಗನಿಗಿಂತ ಸಣ್ಣವರು. ಬಾಯಿಗೆ ಬೆಳಕು ಹಿಡಿದು ಬಹಳ ಹೊತ್ತು ನೋಡಿದರು. ನಾನು ಕಣ್ಣು ಮುಚ್ಚಿಕೊಂಡೇ ಕೇಳಿದೆ. "ಸಾಹೇಬ್ರ, ದೊಡ್ಡ ಬ್ಯಾನಿನ ಏನ್ರಿ?"

"ಅಲ್ಲಜ್ಜಾರ. ನೀವು ಅಂಜೂ ಬ್ಯಾನಿ ಅಲ್ಲ ಇದು."

ಆ ಒಂದು ಮಾತಿಗೆ ನಾನು ಆ ಕುರ್ಚಿಯಲ್ಲೇ ಅತ್ತುಬಿಟ್ಟೆ. ಅವರು ಹತ್ತಿ ಕೊಟ್ಟು ಕಣ್ಣು ಒರೆಸಿಕೊಳ್ಳಲು ಹೇಳಿದರು. ಬಿಳಿಯದು ಒಂದು ನಮೂನೆಯ ಬೂಷ್ಟು, ಮೂತ್ರ ತಪಾಸಣೆ ಮಾಡಿಸಬೇಕು ಅಂದರು. ತಪಾಸಣೆಯಲ್ಲಿ ಸಕ್ಕರೆ ಕಾಯಿಲೆ ಹೊರಬಿತ್ತು. ಬಾಯಿ ಯಾಕೆ ಒಣಗುತ್ತಿತ್ತು ಅನ್ನುವುದೂ ಆಗ ತಿಳಿಯಿತು. ದೊಡ್ಡ ಡಾಕ್ಟರ ಕಡೆ ಕಳಿಸಿ ಅದಕ್ಕೆ ಗುಳಿಗೆ ಬರೆಸಿದರು. ಬಾಯಿಗೆ ಹಚ್ಚಲು ನೇರಳೆ ಬಣ್ಣದ ಔಷಧ. ಉಳಿಯದ ಹಲ್ಲುಗಳನ್ನು ಒಂದೊಂದಾಗಿ ಕೀಳುವುದು, ಉಳಿಯುವಂಥವಕ್ಕೆ ಸಿಮೆಂಟು ತುಂಬುವುದು ಅಂತ ಠರಾಯಿಸಿದರು.

"ಸಿಹಿ ತಿಂತೀರೇನು?" ಅಂತ ಕೇಳಿದರು.

"ಚಾದಾಗ ಅಷ್ಟ್ರಿ. ಇನ್ನ ಅದೂ ಬಿಡ್ತೇನ್ರಿ" ಅಂದೆ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಕೆನ್ನೆಯ ಬೆಲ್ಲ ನೆನಪಿಗೇ ಬರಲಿಲ್ಲ.

ನೇರಳೆ ಔಷಧ ಹಚ್ಚಿಕೊಂಡು ಓಣಿಗೆ ಬಂದರೆ ದೊಡ್ಡ ಗದ್ದಲ. ಎದುರು ಮನೆಯ ಬಸಪ್ಪ, ನಾನೂ ಅವನೂ ಕೂಡಿ ಮಗ್ಗ ಕಲಿತವರು, ಕಟ್ಟೆಯ ಮೇಲಿಂದಲೇ ಕೂಗಿದ: "ಏನ್ಲೇ, ನೂಲು ಬಿಟ್ಟು ಬಾಯಿ ಅದ್ದೀಯೇನು ಬಣ್ಣದ ಹಂಡೇದಾಗ? ಛಲೋ ಹಿಡದೈತಿ ನೋಡ, ತೊಳದರ ಹೋಗಂಗಿಲ್ಲ!" ಗಂಗವ್ವ ಮಾತ್ರ ನನ್ನ ಬಾಯಿ ನೋಡಿ ಮೊದಲ ಸಲ ಕಿಲಕಿಲ ನಕ್ಕಳು. ಸೊಸೆಯ ತೋಳಿನಲ್ಲಿ ಇದ್ದುಕೊಂಡು, ನನ್ನಿಂದ ನಾಲ್ಕು ಮಾರು ದೂರದಲ್ಲಿ. ನಾನು ದೂರದಿಂದಲೇ ಬಾಯಿ ತೆರೆದು ತೋರಿಸುವುದು, ಅವಳು ನಗುವುದು. ದಿನವೂ ಅದೇ ನಮ್ಮ ಆಟ.

ಐದನೆಯ ತಿಂಗಳು ಬಂತು. ಅನ್ನ ಹಿಡಿಸುವ ಮಾತು ಯಾರೂ ಎತ್ತಲಿಲ್ಲ. ಗೌರವ್ವನನ್ನು ಕೇಳಿದರೆ, "ಸೊಸಿ ಏಳನೇದರಾಗ ಮಾಡೂಣು ಅಂದಾಳ" ಅಂದಳು. ಬೀಳಗಿಯ ಬೀಗರು ಬಂದು ಶೋಭಾಳ ಜೊತೆ ಒಳಗೆ ಏನೋ ಗುಸುಗುಸು ಮಾತಾಡಿ ಹೋದರು. ಆಗಲೇ ನನಗೆ ಅನಿಸಿತು. ನನ್ನನ್ನು ತಪ್ಪಿಸಲೆಂದೇ ಮುಂದೆ ಹಾಕಿದ್ದಾರೆ, ತವರಿನ ಅಜ್ಜನ ಕೈಯಿಂದ ಮಾಡಿಸುತ್ತಾರೆ. ಸೊಸೆಯ ಜೊತೆ ಮಾತು ಕಡಿಮೆ ಮಾಡಿದೆ. ತಾಟು ತಂದಿಟ್ಟರೆ ಮುಖ ಎತ್ತಿ ನೋಡುತ್ತಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ನನ್ನ ತಪ್ಪು ಮುಚ್ಚಿಟ್ಟಂತೆ.

ಮೂರು ಹಲ್ಲು ಕಿತ್ತಾಯಿತು. ಔಷಧ ಹಚ್ಚಿದಾಗ ಬಿಳಿ ಹೋಗುವುದು, ಎಂಟು ದಿನಕ್ಕೆ ಮತ್ತೆ ಬರುವುದು. ತುಂಬಿದ ಹಲ್ಲಿನ ಬುಡದಲ್ಲೇ ಹೊಸ ಕಂದು ಗೆರೆ. ಡಾಕ್ಟರಿಗೇ ಆಶ್ಚರ್ಯ. ಕೊನೆಗೆ ಅಂದರು, "ಅಜ್ಜಾರ, ಒಂದು ಕೆಲಸ ಮಾಡ್ರಿ. ಇಡೀ ದಿನದಾಗ ನಿಮ್ಮ ಬಾಯಿಗೆ ಏನೇನು ಹೋಗತೈತೋ, ಊಟ ಬಿಟ್ಟು, ಎಲ್ಲಾ ತಗೊಂಡು ಬರ್ರಿ. ಏನೂ ಬಿಡಬ್ಯಾಡ್ರಿ."

ಡಾಕ್ಟರು ಹೇಳಿದ್ದನ್ನು ನಾನು ಇದ್ದದ್ದು ಇದ್ದ ಹಾಗೇ ತಿಳಿದುಕೊಂಡೆ. ಪಂಚೆಯಲ್ಲಿ ಲಾಳಿ ಸುತ್ತಿಕೊಂಡೆ. ಲಾಳಿಯ ಜೊತೆ ಇರಬೇಕಲ್ಲ ಅಂತ ಬೆಲ್ಲದ ಡಬ್ಬಿಯನ್ನೂ ಇಟ್ಟುಕೊಂಡೆ. ಅವರ ಮೇಜಿನ ಮೇಲೆ ಎರಡನ್ನೂ ಇಟ್ಟೆ.

"ಏನ್ರಿ ಇದು?"

"ಲಾಳಿರಿ. ಇದರ ಕಣ್ಣಾಂದ ನೂಲು ಬಾಯಿಲೆ ಎಳೀತೇವ್ರಿ."

"ದಿನಾ?"

"ಕಂಡಿಕೆ ತೀರಿದಾಗೊಮ್ಮಿ."

"ಇದನ್ನ ಮತ್ಯಾರರ ಬಾಯಿಗೆ ಹಚ್ತಾರೇನು?"

ಹಿಂದೆ ನಿಂತಿದ್ದ ಈರಣ್ಣ ಮೆಲ್ಲಗೆ, "ನಾನೂ ಹಚ್ತೇನ್ರಿ" ಅಂದ. ಡಾಕ್ಟರು ಅವನನ್ನೂ ಕುರ್ಚಿಗೆ ಕೂರಿಸಿ ನೋಡಿದರು. ಅವನಿಗೆ ಬಿಳಿ ಇರಲಿಲ್ಲ. ಆದರೆ ಮುಂದಿನ ಹಲ್ಲು ನನ್ನ ಹಾಗೇ ಸವೆದು ಕಚ್ಚು ಬಿದ್ದಿತ್ತು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದರು.

"ಇದು?"

"ಕೆಲಸದ ಬೆಲ್ಲರಿ."

"ಅಜ್ಜಾರ! ಸಿಹಿ ಬಿಟ್ಟೇನಿ ಅಂದಿದ್ರಿ?"

"ಇದು ತಿನ್ನೂದಲ್ರಿ ಸಾಹೇಬ್ರ, ಇಡೂದು."

ಅವರು ತಲೆಯ ಮೇಲೆ ಕೈ ಹೊತ್ತು ನಕ್ಕರು. ನಕ್ಕು ಮುಗಿಸಿ, ಬೈಯದೆ, ನನಗೆ ತಿಳಿಯುವ ಹಾಗೆ ಹೇಳಿದರು. ಆ ಬೂಷ್ಟು ಎಲ್ಲರ ಬಾಯಲ್ಲೂ ಚೂರು ಇರುತ್ತದಂತೆ, ಸುಮ್ಮನೆ ಇರುತ್ತದಂತೆ. ಬಾಯಿ ಒಣಗಿ, ಮೇಲೆ ಸಿಹಿಯೂ ಸಿಕ್ಕರೆ ಸೊಕ್ಕುತ್ತದೆ. ಸಿಹಿ ತಿಂದು ಹುಳಿ ಬಿಡುತ್ತದೆ. "ಹಲ್ಲು ಕೆಡಸೂ ಬ್ಯಾರೆ ಸಣ್ಣ ಜೀವ ಅದಾವು, ಅವಕ್ಕ ಇದು ಜೋಡಿ. ಎರಡೂ ಕೂಡಿ ಹಲ್ಲಿನ ಬುಡದಾಗ ಮನಿ ಮಾಡ್ತಾವು. ಅವಕ್ಕ ನೀವು ಮುಂಜಾನಿಂದ ಸಂಜೀತನಾ ಊಟಾ ಹಾಕಾಕತ್ತೀರಿ" ಅಂದರು.

ನನಗೆ ತಟ್ಟನೆ ಹೊಳೆಯಿತು. ನಾವು ಹಾಸಿನ ನೂಲಿಗೆ ಗಂಜಿ ಹಚ್ಚುತ್ತೇವೆ, ನೂಲು ಗಟ್ಟಿ ಬರಲಿ ಅಂತ. ಅದೇ ಗಂಜಿ ಹುಳಿ ಬಂದು ಬೂಷ್ಟು ಹಿಡಿದರೆ, ಎಂಥ ನೂಲೂ ಮುಟ್ಟಿದಲ್ಲಿ ಹರಿಯುತ್ತದೆ. ಹಳಸಿದ ಗಂಜಿಯ ಗಡಿಗೆಯನ್ನು ಮಗ್ಗದ ಹತ್ತಿರ ತಂದರೆ ನಾನೇ ಮಗನಿಗೆ ಬೈಯುತ್ತಿದ್ದೆ. ಅಂಥ ಗಡಿಗೆಯನ್ನೇ ಬಾಯಲ್ಲಿ ಇಟ್ಟುಕೊಂಡು ಎರಡು ವರ್ಷ ಓಡಾಡಿದ್ದೆ. ಆ ಬಾಯಿಂದ ಕೂಸಿಗೆ ತುತ್ತು ನುರಿಸಿ ಇಡಲು ಹೊರಟಿದ್ದೆ! ಸೊಸೆ ತಡೆದದ್ದನ್ನು ಡಾಕ್ಟರಿಗೆ ಹೇಳಿ ಕೇಳಿದೆ, ಬಾಯಿ ನೆಟ್ಟಗಾದ ಮೇಲಾದರೂ ಇಡಬಹುದಾ? "ನೆಟ್ಟಗಾದರೂ ಬ್ಯಾಡ್ರಿ. ದೊಡ್ಡವರ ಬಾಯಾಗಿಂದು ಕೂಸಿನ ಬಾಯಿಗೆ ಹೋಗಬಾರದು. ನಿಮ್ಮ ಸೊಸಿ ಶಾಣ್ಯಾಕಿ" ಅಂದರು.

ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತೆ. ಮೂರು ತಲೆಮಾರಿನ ರೂಢಿ ನನ್ನ ಪಾಳಿಗೆ ಬಂದು ನಿಂತಿತು ಅಂತ ದುಃಖ. ಅದಕ್ಕಿಂತ ಹೆಚ್ಚಿಗೆ, ಆ ಹುಡುಗಿಗೆ ಇಷ್ಟು ದಿನ ಮುಖ ಕೊಟ್ಟು ಮಾತಾಡಲಿಲ್ಲವಲ್ಲ ಅಂತ. ಮನೆಗೆ ಬಂದು ಬೆಲ್ಲದ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟು, ಡಾಕ್ಟರು ಅಂದದ್ದನ್ನೆಲ್ಲ ಹೇಳಿದೆ. "ನೀ ಅಂದದ್ದು ಖರೆ ಇತ್ತವಾ. ಇನ್ನ ಬೆಲ್ಲಾನೂ ಇಲ್ಲ, ಲಾಳಿಗೆ ಬಾಯಿ ಹಚ್ಚೂದೂ ಇಲ್ಲ. ಮಗ್ಗ ಹೆಂಗ ನಡಸ್ಲಿ, ಅದ ತಿಳೀವಲ್ತು" ಅಂದೆ.

ಅವಳು ಒಳಗೆ ಹೋದಳು. ಮುರಿದ ಛತ್ರಿಯ ಒಂದು ಕಡ್ಡಿ ತಂದಳು. ಕಲ್ಲಿನ ಮೇಲೆ ಇಟ್ಟು ತುದಿಯನ್ನು ಬಡಿದು ತೆಳ್ಳಗೆ ಮಾಡಿ, ಇಕ್ಕಳದಿಂದ ಬಗ್ಗಿಸಿ ಕೊಕ್ಕೆ ಮಾಡಿದಳು. ಲಾಳಿಯ ಕಣ್ಣಿನಲ್ಲಿ ಅದನ್ನು ತೂರಿಸಿ ನೂಲಿನ ತುದಿ ಎಳೆದು ತೋರಿಸಿದಳು. "ಹಿಂಗ್ರಿ ಮಾವಾರ." ಅಷ್ಟೇ.

ಮೊದಲ ವಾರ ಕೈ ಕೂಡಲಿಲ್ಲ. ಒಂದು ಕಂಡಿಕೆಗೆ ಹತ್ತು ಸಲ ಕೊಕ್ಕೆ ತಪ್ಪುತ್ತಿತ್ತು. ಬಸಪ್ಪ ಬಂದು ಕೂತು, "ಹೆಂಡ್ತಿನ್ನ ಬಿಟ್ಟಂಗ ಲಾಳೀನೂ ಬಿಟ್ಟೆಲ್ಲೊ, ಒಂದು ಮುದ್ದಿಲ್ಲ ಏನಿಲ್ಲ" ಅಂತ ಕಾಡಿಸಿದ. ಗೌರವ್ವ ಒಳಗಿನಿಂದಲೇ, "ಬಸಪ್ಪಣ್ಣಾ, ನಿನ್ನ ಹಲ್ಲು ಎಷ್ಟ ಉಳದಾವು, ಒಂದೀಟು ತೋರಸ ನೋಡೂಣು" ಅಂದಳು. ಅವನು ಬಾಯಿ ಮುಚ್ಚಿದ. ಹದಿನೈದು ದಿನಕ್ಕೆ ಅವನೇ ಬಂದು, "ಶೋಭವ್ವಾ, ನನಗೊಂದು ಕೊಕ್ಕಿ ಮಾಡಿಕೊಡ ಬೇ" ಅಂತ ಬಾಗಿಲಲ್ಲಿ ನಿಂತ. ಈಗ ನಮ್ಮ ಓಣಿಯಲ್ಲಿ ಒಂದೂ ಹಳೆಯ ಛತ್ರಿ ಪೂರ್ತಿಯಾಗಿ ಉಳಿದಿಲ್ಲ.

ಬಾಯಿಯ ಬಿಳಿ ಹೋಯಿತು. ಎಂಟು ದಿನ ಕಾದೆ, ಬರಲಿಲ್ಲ. ತಿಂಗಳಾಯಿತು, ಬರಲಿಲ್ಲ. ಮೆಣಸಿನಕಾಯಿ ಚಟ್ನಿ ಹಚ್ಚಿಕೊಂಡು ಜೋಳದ ರೊಟ್ಟಿ ತಿಂದ ದಿನ, ಖಾರಕ್ಕೋ ಸಂತೋಷಕ್ಕೋ, ಕಣ್ಣಲ್ಲಿ ನೀರು. ಡಾಕ್ಟರು ಕೊನೆಯ ಸಲ ನೋಡಿ, ಹೊಸ ಕುಳಿ ಬಿದ್ದಿಲ್ಲ, ಉಳಿದ ಹಲ್ಲು ಗಟ್ಟಿ ಇವೆ ಅಂದರು. ಸಕ್ಕರೆ ಗುಳಿಗೆ ಮಾತ್ರ ಬಿಡಬಾರದು ಅಂದರು. ಬಿಟ್ಟಿಲ್ಲ.

ಏಳನೆಯ ತಿಂಗಳು ಬಂತು. ಬೀಳಗಿಯ ಬೀಗರು ಬಂದರು. ಹಾಸಿದ ಕಂಬಳಿಯ ಮೇಲೆ ಬೆಳ್ಳಿ ಬಟ್ಟಲಲ್ಲಿ ಮೆತ್ತಗಿನ ಅನ್ನ, ತುಪ್ಪ. ನಾನು ಹಿಂದೆ ಸರಿದು ಬೀಗರಿಗೆ, "ನೀವ ಹಿಡಸ್ರಿ" ಅಂದೆ. ಅವರು ಕೈ ಮುಗಿದರು.

"ನಾವು ಐದರಾಗ ಹಿಡಸ್ತೇವಿ ಅಂತ ಕೇಳಾಕ ಬಂದಿದ್ವಿರಿ. ನಮ್ಮ ಮಗಳು ಒಪ್ಪಲಿಲ್ಲ. 'ಮಾವಾರು ಒಂಬತ್ತು ವರ್ಷ ಕಾದಾರ, ಅವರ ಬಾಯಿ ನೆಟ್ಟಗ ಆಗೂತನಾ ಕೂಸೂ ಕಾಯಲಿ' ಅಂದಳು."

ನಾನು ಶೋಭಾಳ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಎದ್ದು ಬಂದು ಗಂಗವ್ವನನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಎತ್ತಿಕೊಂಡು ಹೋದ ತೊಡೆಯ ಮೇಲೇ.

ಕೈ ತೊಳೆದು ಬಂದಿದ್ದೆ, ಮತ್ತೊಮ್ಮೆ ತೊಳೆದೆ. ನಾಲ್ಕು ಅಗುಳನ್ನು ತುಪ್ಪದ ಜೊತೆ ಎರಡು ಬೆರಳಲ್ಲಿ ನುರಿಸಿದೆ. ಬಾಯಲ್ಲಿ ನುರಿಸುತ್ತಿದ್ದದ್ದನ್ನು ಬೆರಳು ಇಷ್ಟು ಚೆನ್ನಾಗಿ ಮಾಡುತ್ತದೆ ಅಂತ ಮೂರು ತಲೆಮಾರಿಗೆ ಗೊತ್ತೇ ಇರಲಿಲ್ಲ ನೋಡಿ. ಬೆರಳ ತುದಿಯಲ್ಲಿ ಎತ್ತಿ ಅವಳ ಬಾಯೊಳಗೆ ಇಟ್ಟೆ. ಅವಳು ತುಟಿ ಮುಚ್ಚಿದಳು. ಚೀಪಿದಳು. ಆಮೇಲೆ ಚುರ್ರ್ ಅಂತ ಏನೋ ಚುಚ್ಚಿತು.

"ಹಾ!" ಅಂದೆ.

"ಏನಾತ್ರಿ?" ಎಲ್ಲರೂ ಗಾಬರಿಯಾದರು.

ನಾನು ಬೆರಳನ್ನು ಹೊರಗೆ ತೆಗೆಯಲಿಲ್ಲ. ತೆಗೆಯಲು ಮನಸ್ಸೇ ಬರಲಿಲ್ಲ. ಕೆಳಗಿನ ಒಸಡಿನಲ್ಲಿ, ಅಕ್ಕಿಕಾಳಿನ ಮೂತಿಯಷ್ಟು, ಗಟ್ಟಿಯಾಗಿ, ಚೂಪಾಗಿ ಇತ್ತು. ಆ ತನಕ ಹೆತ್ತ ತಾಯಿಗೂ ಗೊತ್ತಾಗಿರಲಿಲ್ಲ. ರೂಢಿಯಂತೆ ಬಾಯಿಂದ ಇಟ್ಟಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ.

"ಶೋಭವ್ವಾ," ಅಂದೆ, "ಇಲ್ಲಿ ಬಾ ತಂಗಿ. ಕೈ ತೊಳಕೊಂಡು ಬಾ. ನಿನ್ನ ಮಗಳಿಗೆ ಹಲ್ಲು ಬಂದೈತಿ."